ನಾಲ್ಕು ಅರ್ಧ ಪ್ಯಾಕೆಟ್ ಪಾಸ್ತಾ

ನಮ್ಮ ಅಡುಗೆಮನೆಯ ಮೇಲಿನ ಕಪಾಟು ಮಾವನವರದ್ದು. ದಿನಸಿ ತರೋದು, ಡಬ್ಬಿಗೆ ತುಂಬೋದು, ಏನು ಮುಗೀತು ಅಂತ ಕ್ಯಾಲೆಂಡರ್ ಹಿಂದೆ ಬರೆದಿಡೋದು ಎಲ್ಲ ಅವರೇ. ಅವರು ಹೋಗಿ ಐದು ತಿಂಗಳಾಯ್ತು. ಆ ಕಪಾಟಿಗೆ ನಾನಾಗಲಿ ಅತ್ತೆಯಾಗಲಿ ಕೈ ಹಾಕಿರಲಿಲ್ಲ. ಕೆಳಗಿನ ಡಬ್ಬಿಗಳಲ್ಲೇ ಹೇಗೋ ಸಂಸಾರ ಸಾಗ್ತಿತ್ತು.

ಕಳೆದ ಭಾನುವಾರ ಇರುವೆ ಸಾಲು ಅಲ್ಲಿಗೇ ಹೊರಟಿದ್ದು ಕಂಡು, ಬೇರೆ ದಾರಿಯಿಲ್ಲದೆ ಸ್ಟೂಲ್ ಹತ್ತಿದೆ. ಸಿಕ್ಕಿದ್ದು ರಬ್ಬರ್ ಬ್ಯಾಂಡ್ ಸುತ್ತಿದ ನಾಲ್ಕು ಪಾಸ್ತಾ ಪ್ಯಾಕೆಟ್‌ಗಳು. ಒಂದರಲ್ಲಿ ಕೊಳವೆ, ಒಂದರಲ್ಲಿ ಸುರುಳಿ, ಒಂದರಲ್ಲಿ ಚಿಪ್ಪು, ಇನ್ನೊಂದರಲ್ಲಿ ಹಳೇ ಪರಿಚಯದ ಮ್ಯಾಕರೋನಿ. ಎಲ್ಲವೂ ಅರ್ಧಂಬರ್ಧ. ಮೊಮ್ಮಗಳು ಹಾಸ್ಟೆಲಿನಿಂದ ಬರುವಾಗಲೆಲ್ಲ ಅವಳ ತಾತ ಒಂದು ಪ್ಯಾಕೆಟ್ ತರೋರು. "ಹೋದ ಸಲದ್ದೇ ಇನ್ನೂ ಇದೆ ಮಾವ" ಅಂದರೆ, "ಇದು ಬೇರೆ ಥರದ್ದಮ್ಮ" ಅನ್ನೋರು.

ಎಲ್ಲದರ ಅವಧಿಯೂ ಈ ತಿಂಗಳ ಕೊನೆಗೆ. ಹುಳ ಬಂದಿಲ್ಲ ಅಂತ ನೋಡಿ ಮೇಜಿನ ಮೇಲಿಟ್ಟೆ. ಅತ್ತೆ ಸ್ವಲ್ಪ ಹೊತ್ತು ನೋಡಿ, "ಬಿಸಾಕಬೇಡ ಕಣೇ, ಅವರು ತಂದಿದ್ದು" ಅಂದರು.

ಅಷ್ಟು ಮಾತಾಡಿದ್ದೇ ದೊಡ್ಡದು. ಮಾವ ಹೋದ ಮೇಲೆ ಅತ್ತೆಗೆ ಊಟವೇ ಬೇಡವಾಗಿದೆ. ಎರಡು ತುತ್ತು ಮೊಸರನ್ನ, ಸಾಕು. ಡಾಕ್ಟರು ಟಾನಿಕ್ ಬರೆದುಕೊಟ್ಟರು, ನಾನು ದಿನಾ ಗೋಗರೆದೆ. ತೂಕ ಇಳೀತಾನೇ ಇತ್ತು.

ಸರಿ, ಇವತ್ತು ಇದೇ ಅಡುಗೆ ಅಂದುಕೊಂಡೆ. ನಾಲ್ಕೂ ಸೇರಿ 250 ಗ್ರಾಂ ಆಯ್ತು. ಆದರೆ ನಾಲ್ಕಕ್ಕೂ ಬೇಯುವ ಹೊತ್ತು ಬೇರೆ ಬೇರೆ. ಎಲ್ಲ ಒಟ್ಟಿಗೆ ಹಾಕಿದರೆ ಒಂದು ಗಟ್ಟಿ, ಒಂದು ಪಾಯಸ! ಪ್ಯಾಕೆಟ್ ಮೇಲೆ ಬರೆದ ನಿಮಿಷ ನೋಡಿ, ಹೆಚ್ಚು ಹೊತ್ತಿನದ್ದನ್ನು ಮೊದಲು, ಕಡಿಮೆಯದ್ದನ್ನು ಆಮೇಲೆ ಕುದಿಯುವ ಉಪ್ಪು ನೀರಿಗೆ ಹಾಕಿದೆ. ಪೂರ್ತಿ ಬೇಯುವುದಕ್ಕೆ ಎರಡು ನಿಮಿಷ ಮುಂಚೆಯೇ ಬಸಿದೆ. ಓವನ್ನಿನಲ್ಲಿ ಅದು ಸಾಸ್ ಹೀರಿಕೊಂಡು ಇನ್ನೂ ಬೇಯುತ್ತದೆ. ಬಸಿದ ಗಂಜಿಯನ್ನು ಒಂದು ಲೋಟ ಎತ್ತಿಟ್ಟೆ.

ಇನ್ನು ಸಾಸ್. ಅತ್ತೆ ಬೆಳ್ಳುಳ್ಳಿ ಮುಟ್ಟಲ್ಲ. ಎಣ್ಣೆಗೆ ಇಂಗು ಹಾಕಿ, ಮೆತ್ತಗಾಗಿದ್ದ ನಾಲ್ಕು ಟೊಮೆಟೊ, ಅರ್ಧ ದೊಣ್ಣೆಮೆಣಸಿನಕಾಯಿ, ಬಾಟಲಿಯ ತಳದಲ್ಲಿದ್ದ ಎರಡು ಚಮಚ ಕೆಚಪ್ ಸೇರಿಸಿ ಬಾಡಿಸಿದೆ. ಹಿಂದಿನ ದಿನ ಬೇಯಿಸಿ ಉಳಿದಿದ್ದ ಕಾಬೂಲಿ ಕಡಲೆ ಒಂದು ಬಟ್ಟಲು ಅದಕ್ಕೇ ಹೋಯ್ತು. ಪಿಜ್ಜಾ ಜೊತೆ ಬಂದು ಡ್ರಾಯರಿನಲ್ಲಿ ಬಿದ್ದಿದ್ದ ಒರೆಗಾನೊ, ಒಣಮೆಣಸಿನ ಪುಟ್ಟ ಪೊಟ್ಟಣಗಳಿಗೂ ಮೋಕ್ಷ ಸಿಕ್ಕಿತು.

ಬಿಳಿ ಸಾಸಿಗೆ ಮೈದಾ ಇರಲಿಲ್ಲ. ಎರಡು ದೊಡ್ಡ ಚಮಚ ಬೆಣ್ಣೆಯಲ್ಲಿ ಎರಡು ದೊಡ್ಡ ಚಮಚ ಚಪಾತಿ ಹಿಟ್ಟನ್ನೇ ಘಮ್ ಅನ್ನೋವರೆಗೆ ಹುರಿದು, ಅರ್ಧ ಲೀಟರ್ ಹಾಲನ್ನು ಸ್ವಲ್ಪ ಸ್ವಲ್ಪವೇ ಸುರಿದು, ಗಂಟಾಗದಂತೆ ಕೈಯಾಡಿಸಿದೆ. ಬಣ್ಣ ಸ್ವಲ್ಪ ಕಂದು, ರುಚಿಗೇನೂ ಮೋಸವಿಲ್ಲ. ಎಲ್ಲ ಕಲಸಿ, ಗಟ್ಟಿ ಅನಿಸಿದ್ದಕ್ಕೆ ಗಂಜಿ ಸೇರಿಸಿದೆ. ಬೆಣ್ಣೆ ಸವರಿದ ಗಾಜಿನ ಬಟ್ಟಲಿಗೆ ಹಾಕಿ, ಮೇಲೆ ನಾಲ್ಕು ಚೀಸ್ ಕ್ಯೂಬ್ ತುರಿದು, ಮೂರು ರಸ್ಕ್ ಪುಡಿ ಮಾಡಿ ಉದುರಿಸಿದೆ. ಓವನ್ ಮೊದಲೇ ಬಿಸಿಯಾಗಿತ್ತು. 180 ಡಿಗ್ರಿಯಲ್ಲಿ 20 ನಿಮಿಷ. ಓವನ್ ಇಲ್ಲದವರು ದಪ್ಪ ತಳದ ಬಾಣಲೆಯಲ್ಲಿ ಮುಚ್ಚಿ ಸಣ್ಣ ಉರಿಯಲ್ಲಿ 15 ನಿಮಿಷ ಇಡಿ. ಮೇಲೆ ಕೆಂಪಗಾಗಲ್ಲ, ಚೀಸ್ ಕರಗುತ್ತೆ.

ವಿಡಿಯೋ ಕಾಲಿನಲ್ಲಿ ಮಗಳು, "ಅಮ್ಮಾ, ಪಾಸ್ತಾ ಕ್ಯಾಸರೋಲ್ ಮಾಡಿದ್ದೀಯಾ!" ಅಂತ ಕೂಗಿದಳು.

"ಕ್ಯಾಸರೋಲ್ ಅಂದ್ರೆ ಚಪಾತಿ ಹಾಕಿಡೋ ಡಬ್ಬಿ ಅಲ್ವೇನೇ?" ಅಂದರು ಅತ್ತೆ.

ಅವರದ್ದೂ ತಪ್ಪಲ್ಲ. ಅದು ಮೂಲದಲ್ಲಿ ಫ್ರೆಂಚರ ಪಾತ್ರೆಯ ಹೆಸರೇ. ಆಮೇಲೆ ಅದರಲ್ಲಿ ಮಾಡಿದ ಅಡುಗೆಗೂ ಅಂಟಿಕೊಂಡಿತು, ನಮ್ಮ ತಟ್ಟೆ ಇಡ್ಲಿ ಥರ. ನಗು ಬಂತು. ಅತ್ತೆಗೂ.

ಹತ್ತು ನಿಮಿಷ ಆರಲು ಬಿಟ್ಟು ಬಡಿಸಿದೆ. "ಚೀಸಿನಲ್ಲಿ ಮೊಟ್ಟೆಗಿಟ್ಟೆ ಇಲ್ಲ ತಾನೇ?" ಅಂದರು. ಹಸಿರು ಚುಕ್ಕೆ ತೋರಿಸಿದೆ. ಒಂದು ಚಮಚ ಬಾಯಿಗಿಟ್ಟು, ಚಿಪ್ಪಿನಾಕಾರದ್ದೊಂದನ್ನು ಎತ್ತಿ ಹಿಡಿದು ಕೇಳಿದರು: "ಇದು ಯಾವಾಗ ತಂದಿದ್ದು?"

"ದಸರಾ ರಜಕ್ಕೆ ಅತ್ತೆ."

"ಹೌದು. ಅವತ್ತು ಕೊಡೆ ಮರೆತು ಹೋಗಿ ನೆನೆದುಕೊಂಡು ಬಂದಿದ್ದರು. ಬೈದಿದ್ದೆ."

ಆಮೇಲೆ ಕೊಳವೆ, ಸುರುಳಿ, ಮ್ಯಾಕರೋನಿ, ಒಂದೊಂದರ ಕಥೆಯೂ ಬಂತು. ಕಣ್ಣು ಒರೆಸಿಕೊಳ್ಳುತ್ತಲೇ ತಿಂದರು. ಹೇಳದೇ ಎರಡನೇ ಸಲ ಬಡಿಸಿದೆ, ಬೇಡ ಅನ್ನಲಿಲ್ಲ. ಐದು ತಿಂಗಳಿಂದ ಮಾವನ ಹೆಸರೆತ್ತಿದರೆ ಅವರಿಗೆ ನೋವಾಗುತ್ತೆ ಅಂತ ನಾವೆಲ್ಲ ಸುಮ್ಮನಿದ್ದೆವು. ಸುಮ್ಮನಿದ್ದದ್ದೇ ತಪ್ಪಾಯ್ತೇನೋ ಅಂತ ಅವತ್ತು ಅನಿಸಿತು.

ಕೈ ತೊಳೆದು ಬಂದವರು, "ಮುಂದಿನ ಸಲ ಇಂಗು ಇನ್ನೊಂಚೂರು ಹಾಕು" ಅಂದರು. ಮುಂದಿನ ಸಲ! ಸಂಜೆ ನೋಡಿದರೆ ಕ್ಯಾಲೆಂಡರ್ ಹಿಂದೆ, ಮಾವನ ಅಕ್ಷರದ ಕೆಳಗೆ, ಅತ್ತೆಯ ಓರೆಕೋರೆ ಅಕ್ಷರದಲ್ಲಿ ಒಂದು ಸಾಲು: ಮೈದಾ, ರಸ್ಕು, ಪಾಸ್ತಾ 1.

ನಿಮ್ಮ ಮನೆಯಲ್ಲೂ ಯಾರೂ ಕೈ ಹಾಕದ ಕಪಾಟು ಇದ್ದರೆ, ಒಂದು ಭಾನುವಾರ ಸ್ಟೂಲ್ ಹತ್ತಿ ನೋಡಿ.