ಐನ್‌ಮನೆ ಒಡೆಯುವವರು ಯಾರು?

ಜಮ್ಮಾ ಜಮೀನಿನ ಮಾತು ಬಂದಾಗಲೆಲ್ಲ ಕೊಡಗಿನಲ್ಲಿ ಒಂದು ವಾದ ತಯಾರಾಗಿರುತ್ತದೆ. ಜಮೀನು ಒಕ್ಕದ್ದು, ಅಂದರೆ ಇಡೀ ಮನೆತನದ್ದು, ಯಾರೊಬ್ಬನದೂ ಅಲ್ಲ. ಮದುವೆಯಾಗಿ ಬೇರೆ ಒಕ್ಕ ಸೇರುವ ಹೆಣ್ಣುಮಗಳಿಗೆ ಪಾಲು ಕೊಟ್ಟರೆ ಹಿರಿಯರ ಐನ್‌ಮನೆಯೇ ಚೂರಾಗುತ್ತದೆ. ಇದು ನಮ್ಮ ಕಟ್ಟುಪಾಡು, ಹೊರಗಿನ ಕಾನೂನಿಗೆ ಅರ್ಥವಾಗುವಂಥದ್ದಲ್ಲ. ನನ್ನ ತಕರಾರು ಈ ಕೊನೆಯ ಮಾತಿನ ಬಗ್ಗೆ. ಇದೇ ಸಮಸ್ಯೆಗೆಂದು ಮಾಡಿದ ಕಾನೂನೊಂದು ಹೊರಗೆ ಇದೆ, ಅದೂ ಜರ್ಮನಿಯಲ್ಲಿ.

ಜರ್ಮನಿಯಲ್ಲೂ ಒಂದೇ ರೂಢಿ ಇರಲಿಲ್ಲ. ನೈಋತ್ಯದ ವ್ಯುರ್ಟೆಂಬರ್ಗಿನಲ್ಲಿ (‘ಮಂಗಳೂರ ಸಮಾಚಾರ’ದ ಮೊಗ್ಲಿಂಗ್ ಆ ಕಡೆಯವರು) ಹೊಲವನ್ನು ಮಕ್ಕಳಿಗೆಲ್ಲ ಹಂಚುವ ವಾಡಿಕೆ ವ್ಯಾಪಕವಾಗಿತ್ತು. ವಾಯವ್ಯದಲ್ಲಿ ಹೊಲ ಒಡೆಯಬಾರದು, ಇಡಿಯಾಗಿ ಒಬ್ಬರಿಗೇ ಹೋಗಬೇಕು. ಎರಡನೇ ಮಹಾಯುದ್ಧದ ನಂತರ ಆ ಭಾಗ ಬ್ರಿಟಿಷರ ಕೈಯಲ್ಲಿತ್ತು. 1947ರಲ್ಲಿ ಅವರ ಸೇನಾಡಳಿತವೇ ಈ ರೂಢಿಗೆ ‘ಹ್ಯೋಫೆಒರ್ಡ್‌ನುಂಗ್’ ಎಂಬ ಕಾನೂನಿನ ರೂಪ ಕೊಟ್ಟಿತು. ಜಮೀನು ಒಬ್ಬ ವಾರಸುದಾರನಿಗೆ, ಉಳಿದವರಿಗೆ ಹಣ. ಗಂಡಿಗೆ ಮೊದಲ ಆದ್ಯತೆ.

ನಮ್ಮಲ್ಲೂ ಜಮ್ಮಾ ಹಿಡುವಳಿಯ ನಿಯಮಗಳನ್ನು 1899ರ ಕೊಡಗು ಭೂ ಕಂದಾಯ ರೆಗ್ಯುಲೇಶನ್ನಿನಲ್ಲಿ ಬರೆದಿಟ್ಟವರು ಬ್ರಿಟಿಷರೇ. ಅನಾದಿ ಕಟ್ಟುಪಾಡು ಎಂದು ನಾವು ಎದೆ ತಟ್ಟಿಕೊಳ್ಳುವುದರಲ್ಲಿ ರಾಜರ ಸನ್ನದಿನಷ್ಟೇ ದೊರೆಗಳ ಕಚೇರಿಯ ಶಾಯಿಯೂ ಇದೆ.

1963ರ ಮಾರ್ಚ್ 20ರಂದು ಜರ್ಮನಿಯ ಸಾಂವಿಧಾನಿಕ ನ್ಯಾಯಾಲಯ ಆ ಕಾನೂನಿನಲ್ಲಿದ್ದ ಗಂಡಿನ ಆದ್ಯತೆಯನ್ನು ತೆಗೆದುಹಾಕಿತು. ಗಂಡು ಹೆಣ್ಣು ಸಮಾನ ಎನ್ನುವ ಸಂವಿಧಾನಕ್ಕೆ ಅದು ವಿರುದ್ಧ ಎಂದಿತು. ಗಮನಿಸಿ, ಹೊಲ ಒಡೆಯಿರಿ ಎಂದು ಹೇಳಲಿಲ್ಲ. ಇವತ್ತಿಗೂ ಲೋವರ್ ಸ್ಯಾಕ್ಸನಿ ಸೇರಿ ನಾಲ್ಕು ರಾಜ್ಯಗಳಲ್ಲಿ ಹೊಲ ಇಡಿಯಾಗಿಯೇ ಒಬ್ಬರಿಗೆ ಹೋಗುತ್ತದೆ, ಆ ಒಬ್ಬರು ಮಗಳೂ ಆಗಬಹುದು. ಜಮೀನು ಇಡಿಯಾಗಿ ಉಳಿಸುವುದು ಒಂದು ವಿಚಾರ, ಮಗಳನ್ನು ಹೊರಗಿಡುವುದು ಇನ್ನೊಂದು. ನಾವು ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿ, ಬಿಚ್ಚಲು ಬಂದವರನ್ನು ಒಕ್ಕದ್ರೋಹಿ ಅನ್ನುತ್ತೇವೆ.

ನನಗೆ ಇನ್ನೂ ಇಷ್ಟವಾದದ್ದು ಅದೇ ಕಾನೂನಿನ 13ನೇ ಕಲಮು. ಹೊಲ ಪಡೆದವನು ಇಪ್ಪತ್ತು ವರ್ಷದೊಳಗೆ ಅದನ್ನು ಮಾರಿದರೆ, ಬಂದ ಲಾಭದಲ್ಲಿ ಒಡಹುಟ್ಟಿದವರಿಗೆ ಮತ್ತೆ ಪಾಲು ಕೊಡಬೇಕು. ಮನೆತನದ ಹೆಸರಿನಲ್ಲಿ ಪಡೆದಿದ್ದೀಯ, ಮನೆತನಕ್ಕಾಗಿ ಇಟ್ಟುಕೋ. ಇಲ್ಲವಾದರೆ ಲೆಕ್ಕ ಒಪ್ಪಿಸು. ಕೊಡಗಿನಲ್ಲಿ ತೋಟ ರೆಸಾರ್ಟ್ ಆಗುವಾಗ, ಗದ್ದೆ ಸೈಟ್ ಆಗುವಾಗ ಒಕ್ಕದ ಪಾವಿತ್ರ್ಯ ಎಲ್ಲಿ ಅಡಗಿರುತ್ತದೆ? ಅಕ್ಕತಂಗಿಯರು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವಾಗ ಮಾತ್ರ ಅದು ನೆನಪಿಗೆ ಬರುತ್ತದೆ.

ಜರ್ಮನಿಯೇನೂ ಸ್ವರ್ಗವಲ್ಲ. ಒಡಹುಟ್ಟಿದವರಿಗೆ ಅಲ್ಲಿ ಸಿಗುವ ಹಣ ಮಾರುಕಟ್ಟೆ ಬೆಲೆಗಿಂತ ತೀರಾ ಕಡಿಮೆ. 1933ರಲ್ಲಿ ನಾಜಿಗಳು ತಂದ ಹೊಲದ ಕಾನೂನಿನಲ್ಲಂತೂ ಮಗಳ ಸರದಿ ಮಗ, ತಂದೆ, ಅಣ್ಣತಮ್ಮಂದಿರ ನಂತರ. ಮಣ್ಣು, ರಕ್ತ, ಮನೆತನ ಎಂಬ ಭಾಷೆ ಎಲ್ಲಿಗೆ ಮುಟ್ಟುತ್ತದೆ ಎಂಬುದನ್ನು ಅವರು ಕಣ್ಣಾರೆ ಕಂಡಿದ್ದಾರೆ.

ನಮ್ಮ ದೇಶದ ಕಾನೂನೂ ಸುಮ್ಮನೆ ಕೂತಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 4ನೇ ಕಲಮು ತನಗೆ ವಿರುದ್ಧವಾದ ರೂಢಿಗಳನ್ನು ಬದಿಗಿಟ್ಟಿತು. 2005ರ ತಿದ್ದುಪಡಿ ಅವಿಭಕ್ತ ಕುಟುಂಬದಲ್ಲಿ ಮಗಳಿಗೆ ಹುಟ್ಟಿನಿಂದಲೇ ಹಕ್ಕು ಕೊಟ್ಟಿತು. ಆದರೆ ಮನೆಯೊಳಗೆ ನಡೆಯುವುದು ಆ ಬಿಡುಗಡೆ ಪತ್ರವೇ.

ಅಷ್ಟಕ್ಕೂ ಜರ್ಮನಿಯವರೆಗೆ ಹೋಗಬೇಕಾಗಿಯೇ ಇರಲಿಲ್ಲ. ಗಂಡುಸಂತಾನವಿಲ್ಲದ ಒಕ್ಕ ನಂದಿಹೋಗಬಾರದೆಂದು ನಮ್ಮ ಹಿರಿಯರೇ ಒಕ್ಕಪರಿಜೆ, ಮಕ್ಕಪರಿಜೆ ಎಂಬ ಮದುವೆಗಳನ್ನು ಇಟ್ಟಿದ್ದಾರೆ. ಅಲ್ಲಿ ಹುಟ್ಟುವ ಮಕ್ಕಳು ತಾಯಿಯ ಒಕ್ಕದವರು. ಅಣ್ಣನಿಲ್ಲದಾಗ ಒಕ್ಕ ಉಳಿಸಬಲ್ಲ ಮಗಳು ಅಣ್ಣನಿದ್ದಾಗ ಒಕ್ಕ ಒಡೆಯುವವಳಾಗುವುದು ಹೇಗೆ? ಮುಂದಿನ ಪುತ್ತರಿಗೆ ಐನ್‌ಮನೆಯಲ್ಲಿ ಎಲ್ಲರೂ ಸೇರಿದಾಗ, ಕದಿರು ತೆಗೆಯಲು ಹೊರಡುವ ಮೊದಲು, ಹಿರಿಯರು ಇದಕ್ಕೊಂದು ಉತ್ತರ ಹೇಳಲಿ.