ನೂಲಿನ ದೋಷವೋ, ಮಗ್ಗದ ದೋಷವೋ?

ತುಮಕೂರು ರಸ್ತೆಯ ನಾಗಸಂದ್ರದಲ್ಲಿ, ಪೀಣ್ಯದ ಕಾರ್ಖಾನೆಗಳಿಗೆ ದುಡಿಯಹೋಗುವವರ ವಠಾರವೊಂದರಲ್ಲಿ, ಹದಿನೈದರ ಹುಡುಗನೊಬ್ಬ ಶಾಲೆ ಬಿಟ್ಟು, ಮೂಲೆ ಹಿಡಿದು, ಮಾತು ನಿಲ್ಲಿಸಿದನೆನ್ನಿ. ನೆರೆಹೊರೆಯ ತೀರ್ಪು ಒಡನೆ ಸಿದ್ಧ: "ಅವರ ವಂಶದಲ್ಲೇ ಇದೆ, ನೂಲಿನಂತೆ ಸೀರೆ!" ತಂದೆತಾಯಿಗಳು ನಾಚಿ ಬಾಗಿಲು ಹಾಕಿಕೊಳ್ಳುತ್ತಾರೆ. ಮಗಳ ಮದುವೆಗೆ ಅಡ್ಡಿಯಾದೀತೆಂದು ವೈದ್ಯರ ಬಳಿಗೂ ಹೋಗುವುದಿಲ್ಲ.

ಈ ತೀರ್ಪು ಅರ್ಧಸತ್ಯ. ಸ್ಕಿಜೋಫ್ರೀನಿಯ ಎಂಬ ತೀವ್ರ ಮನೋರೋಗ ಜನರಲ್ಲಿ ನೂರಕ್ಕೆ ಸುಮಾರು ಒಬ್ಬರಿಗೆ ಬರುತ್ತದೆ. ತಂದೆಗೋ ತಾಯಿಗೋ ಅದಿದ್ದರೆ ಅಂಥವರ ಮಕ್ಕಳಲ್ಲಿ ನೂರಕ್ಕೆ ಸುಮಾರು 10 ಮಂದಿಗೆ. ವಂಶದ ನಂಟು ನಿಜವೇ. ಆದರೆ ಉಳಿದ 90 ಮಂದಿ? ತದ್ರೂಪಿ ಅವಳಿಗಳಲ್ಲಿ ಸಹ ಒಬ್ಬರಿಗೆ ಬಂದಾಗ, ಅರ್ಧದಷ್ಟಾದರೂ ಜೋಡಿಗಳಲ್ಲಿ ಇನ್ನೊಬ್ಬರು ಪಾರಾಗುತ್ತಾರೆ. ಖಿನ್ನತೆಯಲ್ಲಿ ವಂಶದ ಪಾಲು ಇನ್ನೂ ಕಡಮೆ.

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ 2015-16ರಲ್ಲಿ ನಡೆದ ರಾಷ್ಟ್ರೀಯ ಸಮೀಕ್ಷೆಯನ್ನು ನೋಡಿ. 13ರಿಂದ 17 ವಯಸ್ಸಿನವರಲ್ಲಿ ಮಾನಸಿಕ ಕಾಯಿಲೆ ಹಳ್ಳಿಗಳಲ್ಲಿ ನೂರಕ್ಕೆ 6.9, ಮಹಾನಗರಗಳಲ್ಲಿ 13.5. ಹಳ್ಳಿಯಿಂದ ಬಸ್ಸು ಹತ್ತಿ ಬಂದವರ ರಕ್ತ ದಾರಿಯಲ್ಲಿ ಬದಲಾಯಿತೇ? ಬದಲಾದದ್ದು ಬಾಳು: ಬಾಡಿಗೆಯ ಒಂಟಿ ಕೋಣೆ, ತಂದೆಯ ರಾತ್ರಿ ಪಾಳಿ, ತಾಯಿಯ ಗಾರ್ಮೆಂಟ್ಸ್ ದುಡಿಮೆ, ಶಾಲೆಯ ಶುಲ್ಕಕ್ಕೆ ಮಾಡಿದ ಸಾಲ, ಆಡಲು ಬಯಲಿಲ್ಲದ ಬೀದಿ.

ಗಿರಣಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಒಳ್ಳೆಯ ನೂಲೂ ಕೆಟ್ಟ ಮಗ್ಗದಲ್ಲಿ ಹರಿಯುತ್ತದೆ. ದುರ್ಬಲ ನೂಲಿಗೆ ಗಂಜಿ ಹಾಕಿ, ಬಿಗಿ ಸಡಿಲಿಸಿದರೆ ಬಟ್ಟೆಯಾಗುತ್ತದೆ. ಎಲ್ಲವನ್ನೂ ವಂಶದ ತಲೆಗೆ ಕಟ್ಟಿದರೆ ಮಾಲೀಕನೂ ಸರ್ಕಾರವೂ ಹೊಣೆಯಿಂದ ಪಾರಾಗುತ್ತಾರೆ. ಹಾಗೆಂದು, ಬಡತನ ತೊಲಗಿದರೆ ಮನೋರೋಗವೂ ತೊಲಗೀತೆನ್ನುವ ನಮ್ಮ ಗೆಳೆಯರ ಮಾತೂ ಸರಿಯಲ್ಲ. ಸಿರಿವಂತರ ಮನೆಯಲ್ಲಿಯೂ ಈ ನೋವಿದೆ. ಕಾಯಿಲೆಯ ಮಗುವಿಗೆ ಚಿಕಿತ್ಸೆ ಇಂದೇ ಬೇಕು. ಸಮಾಜ ಬದಲಾಗುವ ತನಕ ಅದು ಕಾಯಲಾರದು.

ಇ.ಎಸ್.ಐ.ಗೆ ಕಾರ್ಮಿಕನ ಕೂಲಿಯಿಂದ ನೂರು ರೂಪಾಯಿಗೆ 75 ಪೈಸೆ, ಮಾಲೀಕನಿಂದ 3 ರೂ. 25 ಪೈಸೆ ಸಲ್ಲುತ್ತದೆ. ಹೆಂಡತಿ ಮಕ್ಕಳಿಗೂ ಅದರಲ್ಲಿ ಹಕ್ಕಿದೆ. ಆ ದವಾಖಾನೆಗಳಲ್ಲಿ ಮಕ್ಕಳ ಮನೋವೈದ್ಯರಿರಲೇಬೇಕೆಂದು ಸಂಘಗಳು ಪಟ್ಟು ಹಿಡಿಯಲಿ. ಇ.ಎಸ್.ಐ. ಇಲ್ಲದ ಸಣ್ಣ ವ್ಯಾಪಾರಿಗಳ ಗತಿಯೇನು? 1980ರ ದಶಕದಲ್ಲಿಯೇ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ನಿಮ್ಹಾನ್ಸ್ ತರಬೇತಿ ಕೊಟ್ಟು ದಾರಿ ತೋರಿತು. ಅಂಥ ವೈದ್ಯರು ಪ್ರತಿ ಕೇಂದ್ರದಲ್ಲೂ, ಸಲಹೆಗಾರರು ಪ್ರತಿ ಪ್ರೌಢಶಾಲೆಯಲ್ಲೂ ಬೇಕು.

ಅಲ್ಲಿಯವರೆಗೆ, 2022ರಿಂದ ನಡೆಯುತ್ತಿರುವ ಸರ್ಕಾರದ ಉಚಿತ ದೂರವಾಣಿ 14416ಕ್ಕೆ ಕರೆಮಾಡಿ. ಬಾಗಿಲು ಮಾತ್ರ ಮುಚ್ಚಿಕೊಳ್ಳಬೇಡಿ. ಮಗನ ಕಾಯಿಲೆ ಮನೆತನಕ್ಕೆ ಕಳಂಕವಲ್ಲ.