ಮುಡಿಗೆ ಕಾವಲುಂಟು, ಕೊಳಕ್ಕೆ?

ಮೇಲುಕೋಟೆಯ ಚೆಲುವನಾರಾಯಣಸ್ವಾಮಿಯ ವೈರಮುಡಿ ಉತ್ಸವವು ನಾಡಿಗೆಲ್ಲ ತಿಳಿದುದೇ. ವಜ್ರಖಚಿತವಾದ ಆ ಕಿರೀಟವು ರಾಜಮುಡಿಯೊಡನೆ ಮಂಡ್ಯದ ಜಿಲ್ಲಾ ಖಜಾನೆಯಲ್ಲಿರತಕ್ಕದ್ದು. ಉತ್ಸವದ ದಿನ ಅಧಿಕಾರಿಗಳು ಅದನ್ನು ಹೊರತೆಗೆದು, ಪೊಲೀಸರ ಕಾವಲಿನಲ್ಲಿ ಬೆಟ್ಟಕ್ಕೆ ತರುತ್ತಾರೆ. ಹಾದಿಯ ಹಳ್ಳಿಗರು ಪೂಜೆ ಸಲ್ಲಿಸುತ್ತಾರೆ. ಇರುಳಿನಲ್ಲಿ ಉತ್ಸವಮೂರ್ತಿಯನ್ನು ಅಲಂಕರಿಸಿದ ಮುಡಿಯು ಬಳಿಕ ಖಜಾನೆಗೇ ಹಿಂದಿರುಗುತ್ತದೆ. ಇದು ಯುಕ್ತವೇ. ಅಮೂಲ್ಯ ವಸ್ತುವಿಗೆ ಲೆಕ್ಕವೂ ಕಾವಲೂ ಹೊಣೆಗಾರರೂ ಇರಬೇಕಾದುದು ನ್ಯಾಯ.

ಆದರೆ ಆ ಊರಿನ ಐಶ್ವರ್ಯವು ಮುಡಿಯೊಂದೇ ಅಲ್ಲ. ಮೇಲುಕೋಟೆಯು ನದೀತೀರದ ಕ್ಷೇತ್ರವಲ್ಲ. ಬಂಡೆಗಲ್ಲಿನ ಬೆಟ್ಟದ ಮೇಲಣ ಊರು. 12ನೆಯ ಶತಮಾನದಲ್ಲಿ ಶ್ರೀರಾಮಾನುಜಾಚಾರ್ಯರು ನೆಲಸಿದ ಈ ಸ್ಥಳದಲ್ಲಿ ಜನವಸತಿ ಬೆಳೆದುದು ಕೊಳಗಳ ಬಲದಿಂದ. ಬಂಡೆಯ ಮೇಲೆ ಬಿದ್ದ ಮಳೆಯನ್ನು ತಗ್ಗಿಗೆ ತಿರುಗಿಸಿ, ಕಲ್ಲು ಕಟ್ಟಿ, ಮೆಟ್ಟಿಲಿಟ್ಟು ಹಿರಿಯರು ನೀರನ್ನು ಹಿಡಿದಿಟ್ಟರು. ಕಲ್ಯಾಣಿಯನ್ನೂ ಅಕ್ಕತಂಗಿ ಕೊಳಗಳನ್ನೂ ನೋಡಿದವರು ಆ ವಿವೇಕವನ್ನು ಮೆಚ್ಚದಿರಲಾರರು. ಊರಿನಲ್ಲಿ ನೂರೆಂಟು ಕೊಳಗಳೆಂಬುದು ಜನರ ಮಾತು.

ಅವುಗಳಲ್ಲಿ ಹೂಳು ತುಂಬಿದವೂ, ಪಾಚಿಗಟ್ಟಿದವೂ, ಯಾತ್ರಿಕರ ಎಂಜಲೆಲೆಗೂ ಪ್ಲಾಸ್ಟಿಕ್ಕಿಗೂ ತಿಪ್ಪೆಯಾದವೂ ಇಂದು ಕಡಮೆಯಲ್ಲ. ನಲ್ಲಿ ಬಂದ ಮೇಲೆ ಕೊಳವೇಕೆಂದು ಕೇಳುವವರುಂಟು. 2023ರಲ್ಲಿ ರಾಜ್ಯದ ಬಹುಪಾಲು ತಾಲ್ಲೂಕುಗಳು ಬರಪೀಡಿತವೆಂದು ಸರ್ಕಾರವೇ ಸಾರಿತು. ಅಂಥ ವರ್ಷದಲ್ಲಿ ನಲ್ಲಿಯನ್ನೇ ನಂಬಿದ ಬೆಟ್ಟದೂರಿನ ಗತಿಯೇನೆಂಬುದನ್ನು ವಿಚಾರವಂತರು ಊಹಿಸಬಲ್ಲರು. ಕೊಳವು ತುಂಬಿದ್ದರೆ ಸುತ್ತಣ ಬಾವಿಗಳಿಗೂ ಜೀವ. ಕೊಳವು ಹೂತರೆ ಮಳೆ ಸುರಿದರೂ ನೀರು ಬೆಟ್ಟವಿಳಿದು ಹೋಗುವುದು.

ಇದು ಯಾರ ಹೊಣೆ? ಮುಜರಾಯಿಯವರು ಪಂಚಾಯಿತಿಯತ್ತಲೂ, ಪಂಚಾಯಿತಿಯವರು ಮುಜರಾಯಿಯತ್ತಲೂ ಕೈ ತೋರಿದರೆ ಹೂಳು ತಾನಾಗಿ ಕರಗದು. ಉತ್ಸವವು ಮಾರ್ಚಿ ಏಪ್ರಿಲಿನಲ್ಲಿ, ಮುಂಗಾರಿಗೆ ಮುಂಚೆ, ಬರುವುದು ಒಂದು ಅನುಕೂಲವೇ ಸರಿ. ಪ್ರತಿಯೊಂದು ಕೊಳವನ್ನೂ ಹೆಸರಿಟ್ಟು ಪಟ್ಟಿಗೆ ಸೇರಿಸಬೇಕು. ಉತ್ಸವದ ವೆಚ್ಚದಲ್ಲಿ ಒಂದಂಶವನ್ನು ಹೂಳೆತ್ತುವುದಕ್ಕೂ ನೀರು ಬರುವ ಕಾಲುವೆಗಳ ದುರಸ್ತಿಗೂ ಮೀಸಲಿಡಬೇಕು. ಈ ಕೆಲಸಕ್ಕೆ ಒಬ್ಬ ಅಧಿಕಾರಿಯನ್ನು ಹೆಸರಿಸಿ ನೇಮಿಸಬೇಕು. ಊರ ಮಹಾಜನರೂ ಸುಮ್ಮನಿರತಕ್ಕದ್ದಲ್ಲ. ತಮ್ಮ ಬೀದಿಯ ಕೊಳಕ್ಕೆ ಕಸ ಬೀಳದಂತೆ ನೋಡಲು ಯಾವ ಸರ್ಕಾರದ ಅಪ್ಪಣೆಯೂ ಬೇಕಿಲ್ಲ.

ದೇವರ ತಲೆಯ ಮುಡಿಯನ್ನು ಕಾಯುವ ಶ್ರದ್ಧೆ ನಮ್ಮಲ್ಲಿದೆ. ದೇವರ ಅಭಿಷೇಕಕ್ಕೂ ಭಕ್ತರ ಬಾಯಾರಿಕೆಗೂ ಬೇಕಾದ ನೀರನ್ನು ಕಾಯುವುದು ಅದಕ್ಕಿಂತ ಕಡಮೆಯ ಸೇವೆಯಲ್ಲ. ಮುಂದಿನ ವೈರಮುಡಿಯಿಂದಾದರೂ, ಮುಡಿಯ ಲೆಕ್ಕವನ್ನು ಒಪ್ಪಿಸುವ ದಿನವೇ ಕೊಳಗಳ ಲೆಕ್ಕವನ್ನೂ ಒಪ್ಪಿಸುವ ಪದ್ಧತಿ ಬರಲಿ.